ತಂತಿಗೆ ಮಾತು ಕಲಿಸಿದ ಚಿತ್ರಕಾರ ಸ್ಯಾಮ್ಯುಯೆಲ್ ಮೋರ್ಸ್

 

ಹೋದ ತಿಂಗಳು ಕಂಪ್ಯೂಟರ್ ಪೀರಿಯಡ್‌ನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಒಂದಷ್ಟು ಪದ ಬರೆದರು. ಡೇಟಾ, ಕೋಡ್, ಇನ್‌ಪುಟ್, ಔಟ್‌ಪುಟ್, ಸಿಗ್ನಲ್, ರಿಪೀಟರ್, ಪ್ರೋಟೋಕಾಲ್ ಅಂತ. ನಾವೆಲ್ಲ ನೋಟ್ಸ್ ಬರೆದುಕೊಂಡು ಬಾಯಿಪಾಠ ಮಾಡಿದೆವು. ಮರುದಿನ ನಾನು ಗಿಳಿಪಾಠದ ಹಾಗೆ ಎಲ್ಲವನ್ನೂ ಒಪ್ಪಿಸಿದೆ. ಆದರೆ ರಿಪೀಟರ್ ಯಾಕೆ ಬೇಕು ಅಂತ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದ್ದಕ್ಕೆ ಬೆಪ್ಪಾಗಿ ನಿಂತುಬಿಟ್ಟೆ. ಮೇಷ್ಟ್ರು ಬೈಯಲಿಲ್ಲ. ಈ ಪದಗಳ ಹಿಂದಿರೋ ಕೆಲಸ ಕಂಪ್ಯೂಟರಿಗಿಂತ ಹಳೆಯದು, ಮೋರ್ಸ್ ಅವರ ಜೀವನ ಓದಿದರೆ ತಾನಾಗೇ ಅರ್ಥ ಆಗುತ್ತೆ ಅಂದರು. ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳದೆ ಓದಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಯಾಮ್ಯುಯೆಲ್ ಫಿನ್ಲೆ ಬ್ರೀಸ್ ಮೋರ್ಸ್ ಅವರು 1791ನೇ ಇಸವಿ ಏಪ್ರಿಲ್ 27ರಂದು ಅಮೇರಿಕಾ ದೇಶದ ಮೆಸಾಚುಸೆಟ್ಸ್ ರಾಜ್ಯದ ಚಾರ್ಲ್ಸ್‌ಟೌನ್ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ಜೆಡಿಡಯಾ ಮೋರ್ಸ್. ಅವರು ಚರ್ಚಿನ ಪಾದ್ರಿಗಳು, ಜೊತೆಗೆ ಶಾಲಾ ಮಕ್ಕಳಿಗೆ ಭೂಗೋಳದ ಪುಸ್ತಕ ಬರೆದು ಹೆಸರಾಗಿದ್ದವರು. ತಾಯಿಯ ಹೆಸರು ಎಲಿಜಬೆತ್.

ಬಾಲಕ ಮೋರ್ಸ್‌ಗೆ ಪಾಠಕ್ಕಿಂತ ಚಿತ್ರ ಬರೆಯೋದೇ ಇಷ್ಟ. ಯೇಲ್ ಕಾಲೇಜಿನಲ್ಲಿ ಓದುವಾಗ ದಂತದ ಚಿಕ್ಕ ಚಿಕ್ಕ ಬಿಲ್ಲೆಗಳ ಮೇಲೆ ಜನರ ಮುಖ ಬರೆದುಕೊಟ್ಟು ಕೈಖರ್ಚಿಗೆ ಹಣ ಸಂಪಾದಿಸುತ್ತಿದ್ದರು. ಅದೇ ಕಾಲೇಜಿನಲ್ಲಿ ವಿದ್ಯುಚ್ಛಕ್ತಿಯ ಬಗ್ಗೆ ಕೆಲವು ಉಪನ್ಯಾಸಗಳನ್ನೂ ಕೇಳಿದ್ದರು. ಆವಾಗ ಅದು ಮುಂದೆ ಉಪಯೋಗಕ್ಕೆ ಬರುತ್ತೆ ಅಂತ ಅವರಿಗೇ ಗೊತ್ತಿರಲಿಲ್ಲ. 1810ರಲ್ಲಿ ಪದವಿ ಪಡೆದರು. 1811ರಲ್ಲಿ ಚಿತ್ರಕಲೆ ಕಲಿಯಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೋದರು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತು 1815ರಲ್ಲಿ ಸ್ವದೇಶಕ್ಕೆ ವಾಪಸು ಬಂದರು. ಊರೂರು ತಿರುಗಿ ಜನರ ಭಾವಚಿತ್ರ ಬರೆಯುವುದೇ ಅವರ ಕಸುಬಾಯಿತು. 1818ರಲ್ಲಿ ಲುಕ್ರೀಷಿಯಾ ವಾಕರ್ ಎಂಬುವರನ್ನು ಮದುವೆಯಾದರು.

ತಡವಾಗಿ ಬಂದ ಕಾಗದ

1825ರಲ್ಲಿ ಮೋರ್ಸ್ ಅವರಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಫ್ರಾನ್ಸ್ ದೇಶದ ಲಾಫಾಯೆಟ್ ಎಂಬ ವೀರರು ಆಗ ಅಮೇರಿಕಾಕ್ಕೆ ಬಂದಿದ್ದರು. ಅಮೇರಿಕಾದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರು ಅವರು. ಅವರ ದೊಡ್ಡ ಚಿತ್ರ ಬರೆದುಕೊಡಲು ನ್ಯೂಯಾರ್ಕ್ ನಗರದವರು ಮೋರ್ಸ್ ಅವರನ್ನು ಆರಿಸಿದರು. ಅದಕ್ಕಾಗಿ ಮೋರ್ಸ್ ವಾಷಿಂಗ್ಟನ್‌ಗೆ ಹೋದರು. ಹೆಂಡತಿ ನ್ಯೂ ಹೇವನ್ ಊರಿನಲ್ಲಿ ಮಾವನ ಮನೆಯಲ್ಲಿದ್ದರು. ಮೂರನೇ ಮಗು ಹುಟ್ಟಿ ಕೆಲವೇ ವಾರ ಆಗಿತ್ತು. ಈ ಎರಡು ಊರುಗಳ ನಡುವೆ ಸುಮಾರು 300 ಮೈಲಿ ದೂರ. ಆಗ ರೈಲಿಲ್ಲ, ಫೋನಿಲ್ಲ. ಕಾಗದ ಕುದುರೆ ಗಾಡಿಯಲ್ಲಿ ಹೋಗಬೇಕು.

1825ರ ಫೆಬ್ರವರಿ 7ರಂದು ಲುಕ್ರೀಷಿಯಾ ಹಠಾತ್ತನೆ ತೀರಿಕೊಂಡರು. ಅವರಿಗೆ ಇನ್ನೂ 25 ವರ್ಷ. ಮೋರ್ಸ್ ಅವರ ತಂದೆ ಕೂಡಲೇ ಕಾಗದ ಬರೆದರು. ಆ ಕಾಗದ ದಾರಿಯಲ್ಲಿತ್ತು. ಇತ್ತ ವಾಷಿಂಗ್ಟನ್‌ನಲ್ಲಿ ಮೋರ್ಸ್‌ಗೆ ಏನೂ ಗೊತ್ತಿಲ್ಲ. ಹೆಂಡತಿ ತೀರಿಕೊಂಡ ಮೇಲೂ ಅವರು ಹೆಂಡತಿಗೇ ಖುಷಿಯಿಂದ ಕಾಗದ ಬರೆದರು. ಓದೋಕೆ ಆಕೆ ಇರಲಿಲ್ಲ. ತಂದೆಯ ಕಾಗದ ಸಿಕ್ಕಿದ ತಕ್ಷಣ ಕೆಲಸ ಬಿಟ್ಟು ಹಗಲು ರಾತ್ರಿ ಪ್ರಯಾಣ ಮಾಡಿದರು. ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಕೊನೆಯ ಸಲ ಹೆಂಡತಿಯ ಮುಖ ನೋಡೋದಕ್ಕೂ ಅವರಿಗೆ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ಬಹಳ ದುಃಖವಾಯಿತು. ಈ ದುಃಖದಿಂದಲೇ ಅವರು ತಂತಿ ಯಂತ್ರ ಕಂಡುಹಿಡಿದರು ಅಂತ ಕೆಲವರು ಹೇಳುತ್ತಾರೆ. ಆದರೆ ಅದು ಪೂರ್ತಿ ಸರಿ ಅಲ್ಲ. ಯಂತ್ರದ ಯೋಚನೆ ಬಂದಿದ್ದು ಇನ್ನೂ ಏಳು ವರ್ಷ ಆದಮೇಲೆ. ಆದರೂ ಸುದ್ದಿ ತಡವಾದರೆ ಮನುಷ್ಯನಿಗೆ ಏನಾಗುತ್ತೆ ಅಂತ ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು ಅನ್ನೋದಂತೂ ನಿಜ.

ಹಡಗಿನಲ್ಲಿ ಹುಟ್ಟಿದ ಯೋಚನೆ

ಮೋರ್ಸ್ ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟು ದುಡಿದರು. ಲಾಫಾಯೆಟ್ ಚಿತ್ರವನ್ನೂ ಮುಗಿಸಿದರು. 1826ರಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರಕಾರರ ಒಂದು ಸಂಸ್ಥೆ ಕಟ್ಟಿ ಅದರ ಮೊದಲ ಅಧ್ಯಕ್ಷರಾದರು. 1829ರಲ್ಲಿ ಪುನಃ ಯೂರೋಪಿಗೆ ಹೋದರು. 1832ರಲ್ಲಿ ಸಲ್ಲಿ ಎಂಬ ಹಡಗಿನಲ್ಲಿ ವಾಪಸು ಹೊರಟರು. ಅದೇ ಹಡಗಿನಲ್ಲಿ ಚಾರ್ಲ್ಸ್ ಜಾಕ್ಸನ್ ಎಂಬ ಡಾಕ್ಟರು ಇದ್ದರು. ಊಟದ ಹೊತ್ತಿನಲ್ಲಿ ಅವರು ವಿದ್ಯುತ್ಕಾಂತದ ಬಗ್ಗೆ ಮಾತಾಡಿದರು.

ನಾವು ವಿಜ್ಞಾನದ ಪಾಠದಲ್ಲಿ ಈ ಪ್ರಯೋಗ ಮಾಡಿದ್ದೇವೆ, ಜ್ಞಾಪಕ ಇದೆಯಾ? ಕಬ್ಬಿಣದ ಮೊಳೆಗೆ ತಂತಿ ಸುತ್ತಿ ಸೆಲ್ಲಿಗೆ ಜೋಡಿಸಿದರೆ ಮೊಳೆ ಗುಂಡುಸೂಜಿ ಎತ್ತುತ್ತೆ. ತಂತಿ ತೆಗೆದರೆ ಸೂಜಿ ಬಿದ್ದು ಹೋಗುತ್ತೆ. ಮೋರ್ಸ್ ತಲೆಯಲ್ಲಿ ಹೊಳೆದದ್ದು ಇದೇ. ತಂತಿ ಮೈಲಿಗಟ್ಟಲೆ ಉದ್ದ ಇದ್ದರೆ? ಈ ಊರಿನಲ್ಲಿ ಕೂತು ಕರೆಂಟು ಕೊಟ್ಟು ಬಿಟ್ಟು ಮಾಡಿದರೆ ಆ ಊರಿನ ಮೊಳೆ ಕುಣಿಯಬೇಕು. ಕುಣಿತಕ್ಕೆ ಅರ್ಥ ಕೊಟ್ಟುಬಿಟ್ಟರೆ ಸುದ್ದಿ ಹೋದ ಹಾಗೇ ಅಲ್ಲವೇ? ಹಡಗು ನ್ಯೂಯಾರ್ಕ್ ಮುಟ್ಟುವುದರೊಳಗೆ ಅವರು ತಮ್ಮ ಪುಸ್ತಕದಲ್ಲಿ ಚಿತ್ರಗಳನ್ನೂ ಸಂಕೇತಗಳನ್ನೂ ಬರೆದುಕೊಂಡಿದ್ದರು.

ಚಿತ್ರದ ಚೌಕಟ್ಟಿನ ಮೇಲೆ ಯಂತ್ರ

ಮೋರ್ಸ್ ನ್ಯೂಯಾರ್ಕಿನ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯ ಅಧ್ಯಾಪಕರಾದರು. ಆದರೆ ಕೈಯಲ್ಲಿ ಕಾಸಿಲ್ಲ. 1835ರ ಸುಮಾರಿಗೆ ಅವರು ಮೊದಲ ಯಂತ್ರ ಮಾಡಿದಾಗ ಸಾಮಾನು ಕೊಳ್ಳಲು ಹಣ ಇರಲಿಲ್ಲ. ಕ್ಯಾನ್ವಾಸ್ ಬಟ್ಟೆ ಬಿಗಿಯುವ ಮರದ ಚೌಕಟ್ಟನ್ನೇ ಗೋಡೆಗೆ ನಿಲ್ಲಿಸಿ, ಅದಕ್ಕೆ ಹಳೇ ಗಡಿಯಾರದ ಚಕ್ರ, ವಿದ್ಯುತ್ಕಾಂತ, ಒಂದು ಪೆನ್ಸಿಲ್ ಕಟ್ಟಿದರು. ಕರೆಂಟು ಬಂದಾಗ ಕಾಂತ ಪೆನ್ಸಿಲನ್ನು ಎಳೆಯುತ್ತೆ, ಅದು ಓಡುತ್ತಿರುವ ಕಾಗದದ ಪಟ್ಟಿ ಮೇಲೆ ಗೀಚುತ್ತೆ. ನಮ್ಮ ಕಂಪ್ಯೂಟರ್ ಪಾಠದ ಲೆಕ್ಕದಲ್ಲಿ ನೋಡಿದರೆ ಕರೆಂಟು ಕೊಡುವ ಕಡೆ ಇರೋದು ಇನ್‌ಪುಟ್ ಸಾಧನ, ಕಾಗದದ ಮೇಲೆ ಗೀಚೋದು ಔಟ್‌ಪುಟ್ ಸಾಧನ. ಇವತ್ತಿನ ಕೀಬೋರ್ಡಿಗೂ ಪ್ರಿಂಟರಿಗೂ ಇರೋ ಸಂಬಂಧ ಇದೇ. ಕೈಯಿಂದ ಮುಟ್ಟಬಹುದಾದ ಇಂಥ ಭಾಗಗಳನ್ನೇ ಹಾರ್ಡ್‌ವೇರ್ ಅನ್ನೋದು.

1837ರಲ್ಲಿ ಅವರಿಗೆ ದೊಡ್ಡ ಪೆಟ್ಟು ಬಿತ್ತು. ಅಮೇರಿಕಾದ ಸಂಸತ್ ಭವನದ ಒಳಗೆ ದೊಡ್ಡ ಚಿತ್ರ ಬರೆಯುವ ಕೆಲಸ ತಮಗೇ ಸಿಗುತ್ತೆ ಅಂತ ನಂಬಿದ್ದರು. ಸಿಗಲಿಲ್ಲ. ಮನಸ್ಸು ಮುರಿದು ಕುಂಚವನ್ನು ಹೆಚ್ಚುಕಮ್ಮಿ ಕೆಳಗಿಟ್ಟೇಬಿಟ್ಟರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕುಕ್ ಮತ್ತು ವೀಟ್‌ಸ್ಟನ್ ಎಂಬ ಇಬ್ಬರು ಬೇರೆ ರೀತಿಯ ತಂತಿ ಯಂತ್ರ ಮಾಡಿದರು. ಅದರಲ್ಲಿ ಸೂಜಿಗಳು ತಿರುಗಿ ಅಕ್ಷರ ತೋರಿಸುತ್ತಿದ್ದವು. ಇನ್ನು ತಡಮಾಡಿದರೆ ತಮ್ಮ ಶ್ರಮವೆಲ್ಲ ಹಾಳು ಅಂತ ಮೋರ್ಸ್‌ಗೆ ಅರ್ಥ ಆಯ್ತು.

ರಿಲೇ ಓಟದ ಗುಟ್ಟು

ಈಗ ನಾನು ಬೆಪ್ಪಾಗಿ ನಿಂತ ಪ್ರಶ್ನೆಗೆ ಬರುತ್ತೇನೆ. ಮೋರ್ಸ್ ಯಂತ್ರ ಕೋಣೆಯೊಳಗೆ ಚೆನ್ನಾಗಿ ನಡೆಯುತ್ತಿತ್ತು. ತಂತಿ ಉದ್ದ ಮಾಡಿದರೆ ಸುಮ್ಮನಾಗುತ್ತಿತ್ತು. ಯಾಕಂದ್ರೆ ತಂತಿ ಉದ್ದ ಆದಷ್ಟೂ ಕರೆಂಟು ಸೊರಗುತ್ತೆ. ಅದೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಲಿಯೊನಾರ್ಡ್ ಗೇಲ್ ಅವರು ಸಹಾಯಕ್ಕೆ ಬಂದರು. ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ ಇದನ್ನು ಮೊದಲೇ ಸಂಶೋಧಿಸಿದ್ದರು. ಬ್ಯಾಟರಿಯಲ್ಲಿ ಒಂದರ ಬದಲು ಬಹಳ ಕೋಶಗಳನ್ನು ಜೋಡಿಸಬೇಕು, ಕಾಂತಕ್ಕೆ ನೂರಾರು ಸುತ್ತು ತಂತಿ ಸುತ್ತಬೇಕು ಅಂತ ಗೇಲ್ ತಿಳಿಸಿದರು. ಹಾಗೆ ಮಾಡಿದ ಮೇಲೆ ಮೈಲಿಗಟ್ಟಲೆ ದೂರ ಸಿಗ್ನಲ್ ಹೋಯಿತು.

ಆದರೆ ನೂರಾರು ಮೈಲಿ ಹೋಗಬೇಕಾದರೆ? ಅದಕ್ಕೆ ರಿಲೇ ಎಂಬ ಉಪಾಯ. ನಮ್ಮ ಊರಲ್ಲಿ ಹೊಲದಿಂದ ಮನೆಗೆ ಕೂಗು ಹಾಕಿದರೆ ಕೇಳಿಸೋಲ್ಲ. ನಡುವೆ ಇನ್ನೊಬ್ಬರು ನಿಂತಿದ್ದರೆ ಅವರು ಕೇಳಿಸಿಕೊಂಡು ತಮ್ಮ ದನಿಯಲ್ಲಿ ಹೊಸದಾಗಿ ಕೂಗುತ್ತಾರೆ. ರಿಲೇ ಮಾಡೋದೂ ಇಷ್ಟೇ. ಸೊರಗಿದ ಕರೆಂಟು ಬಂದು ಒಂದು ಪುಟ್ಟ ಕಾಂತವನ್ನು ಎಬ್ಬಿಸುತ್ತೆ. ಆ ಕಾಂತ ಒಂದು ಪುಟ್ಟ ಸ್ವಿಚ್ ಒತ್ತುತ್ತೆ. ಆ ಸ್ವಿಚ್ಚಿಗೆ ಬೇರೆ ಹೊಸ ಬ್ಯಾಟರಿ ಜೋಡಿಸಿರುತ್ತಾರೆ. ಹೊಸ ಬ್ಯಾಟರಿಯ ತಾಜಾ ಕರೆಂಟು ಅದೇ ಸುದ್ದಿಯನ್ನು ಮುಂದಕ್ಕೆ ಒಯ್ಯುತ್ತೆ. ನಮ್ಮ ಕ್ರೀಡಾಕೂಟದ ರಿಲೇ ಓಟದಲ್ಲಿ ದಣಿದವನು ಕೋಲು ಕೊಟ್ಟು ನಿಲ್ಲುತ್ತಾನೆ, ಹೊಸಬ ಓಡುತ್ತಾನೆ. ಕೋಲು ಮಾತ್ರ ಅದೇ. ಈಗಿನ ನೆಟ್‌ವರ್ಕಿನಲ್ಲಿ ಈ ಕೆಲಸ ಮಾಡೋದನ್ನೇ ರಿಪೀಟರ್ ಅನ್ನುತ್ತಾರೆ. ಸಮುದ್ರದ ತಳದಲ್ಲಿ ಮಲಗಿರೋ ಇಂಟರ್‌ನೆಟ್ ಕೇಬಲ್ಲಿನಲ್ಲೂ ದೂರ ದೂರಕ್ಕೆ ರಿಪೀಟರ್ ಇಟ್ಟಿರುತ್ತಾರೆ.

ಇನ್ನೊಂದು ಆಶ್ಚರ್ಯ ಕೇಳಿ. ರಿಲೇ ಅಂದರೆ ಕರೆಂಟಿನಿಂದಲೇ ಹಾಕಿ ಆರಿಸುವ ಸ್ವಿಚ್. 1941ರಲ್ಲಿ ಜರ್ಮನಿಯ ಕೊನ್ರಾಡ್ ಝೂಸೆ ಎಂಬುವರು 2000ಕ್ಕೂ ಹೆಚ್ಚು ರಿಲೇಗಳನ್ನು ಜೋಡಿಸಿ ಒಂದು ಕಂಪ್ಯೂಟರನ್ನೇ ಕಟ್ಟಿದರು. ಆಮೇಲೆ ರಿಲೇ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು. ಈಗ ಒಂದು ಉಗುರಗಲದ ಚಿಪ್ಪಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರ್ ಇರುತ್ತವೆ. ಅವೂ ಮಾಡೋದು ಹಾಕೋದು, ಆರಿಸೋದು, ಅಷ್ಟೇ.

ಚುಕ್ಕಿ ಮತ್ತು ಗೆರೆ

1837ರಲ್ಲೇ ಆಲ್‌ಫ್ರೆಡ್ ವೇಲ್ ಎಂಬ ಯುವಕರು ಮೋರ್ಸ್ ಜೊತೆ ಸೇರಿದರು. ಅವರ ತಂದೆಗೆ ನ್ಯೂಜೆರ್ಸಿಯ ಮೋರಿಸ್‌ಟೌನ್‌ನಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ವೇಲ್ ಕೈಗೆಲಸದಲ್ಲಿ ಬಹಳ ಚುರುಕು. ಮೋರ್ಸ್ ಯಂತ್ರವನ್ನು ಅಚ್ಚುಕಟ್ಟಾಗಿ ಮಾಡಿದವರು ಅವರೇ. 1838ರ ಜನವರಿಯಲ್ಲಿ ಆ ಕಾರ್ಖಾನೆಯಲ್ಲಿ ಎರಡು ಮೈಲಿ ಉದ್ದದ ತಂತಿ ಸುತ್ತಿ ಸುದ್ದಿ ಕಳಿಸಿ ತೋರಿಸಿದರು.

ಮೊದಲು ಮೋರ್ಸ್ ಬೇರೆ ಥರ ಯೋಚಿಸಿದ್ದರು. ಪ್ರತಿ ಪದಕ್ಕೂ ಒಂದು ನಂಬರ್ ಕೊಟ್ಟು ದೊಡ್ಡ ನಿಘಂಟು ಮಾಡಿದ್ದರು. ತಂತಿಯಲ್ಲಿ ನಂಬರ್ ಮಾತ್ರ ಕಳಿಸೋದು, ಆ ಕಡೆಯವರು ನಿಘಂಟು ನೋಡಿ ಪದ ಹುಡುಕೋದು. ಇದು ಬಹಳ ತಡ ಆಗುತ್ತಿತ್ತು. ಆಮೇಲೆ ಒಂದೊಂದು ಅಕ್ಷರಕ್ಕೂ ಚುಕ್ಕಿ ಮತ್ತು ಗೆರೆಗಳ ಗುರುತು ಮಾಡಿದರು. ಇದೇ ಮೋರ್ಸ್ ಕೋಡ್. ಇದರಲ್ಲಿ ವೇಲ್ ಅವರ ಪಾಲು ಎಷ್ಟು ಅಂತ ಇವತ್ತಿಗೂ ವಾದ ಮಾಡುತ್ತಾರೆ.

ಇದರಲ್ಲಿ ಒಂದು ಜಾಣತನ ಇದೆ. ಇಂಗ್ಲಿಷಿನಲ್ಲಿ ಇ ಅಕ್ಷರ ಪದೇ ಪದೇ ಬರುತ್ತೆ. ಅದಕ್ಕೆ ಒಂದೇ ಚುಕ್ಕಿ. ಟಿ ಅಕ್ಷರಕ್ಕೆ ಒಂದೇ ಗೆರೆ. ಅಪರೂಪಕ್ಕೆ ಬರೋ ಕ್ಯೂ ಅಕ್ಷರಕ್ಕೆ ಈಗಿನ ಕೋಡ್‌ನಲ್ಲಿ ಗೆರೆ, ಗೆರೆ, ಚುಕ್ಕಿ, ಗೆರೆ. ಯಾವ ಅಕ್ಷರ ಜಾಸ್ತಿ ಬೇಕು ಅಂತ ತಿಳಿಯಲು ಅಚ್ಚುಕೂಟದಲ್ಲಿ ಯಾವ ಅಕ್ಷರದ ಮೊಳೆಗಳು ಜಾಸ್ತಿ ಇವೆ ಅಂತ ಲೆಕ್ಕ ಹಾಕಿದರು ಅಂತ ಹೇಳುತ್ತಾರೆ.

ಅಳತೆಯೂ ಇದೆ. ಚುಕ್ಕಿಯ ಹೊತ್ತು 1 ಅಂತ ಇಟ್ಟುಕೊಂಡರೆ ಗೆರೆಯ ಹೊತ್ತು 3. ಒಂದು ಅಕ್ಷರದೊಳಗೆ ಚುಕ್ಕಿ ಗೆರೆಗಳ ನಡುವೆ 1 ಹೊತ್ತು ಸುಮ್ಮನಿರಬೇಕು. ಎರಡು ಅಕ್ಷರಗಳ ನಡುವೆ 3, ಎರಡು ಪದಗಳ ನಡುವೆ 7. ಈ ಲೆಕ್ಕದಲ್ಲಿ ಇ ಕಳಿಸೋಕೆ 1 ಹೊತ್ತು ಸಾಕು, ಕ್ಯೂ ಕಳಿಸೋಕೆ 13 ಬೇಕು. ನೀವೂ ಲೆಕ್ಕ ಹಾಕಿ ನೋಡಿ. ಜಾಸ್ತಿ ಬರೋದಕ್ಕೆ ಚಿಕ್ಕ ಗುರುತು ಕೊಟ್ಟು ಸಮಯ ಉಳಿಸೋ ಇದೇ ಉಪಾಯವನ್ನು ಈಗ ಕಂಪ್ಯೂಟರಿನಲ್ಲಿ ಫೈಲ್ ಚಿಕ್ಕದು ಮಾಡೋಕೂ ಬಳಸುತ್ತಾರೆ. ಅದಕ್ಕೆ ಕಂಪ್ರೆಶನ್ ಅನ್ನುತ್ತಾರೆ.

ಕಂಪ್ಯೂಟರ್ ಚುಕ್ಕಿ ಗೆರೆ ಬದಲು 0 ಮತ್ತು 1 ಬಳಸುತ್ತೆ. ಇಂಥ ಒಂದೊಂದನ್ನು ಬಿಟ್ ಅನ್ನುತ್ತಾರೆ, 8 ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ದೊಡ್ಡ ಎ ಅಕ್ಷರದ ನಂಬರ್ 65, ಅದನ್ನು 01000001 ಅಂತ ಬರೆಯುತ್ತಾರೆ. ನಮ್ಮ ಕನ್ನಡಕ್ಕೂ ನಂಬರ್ ಇದೆ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕ ಅಕ್ಷರದ ನಂಬರ್ 3221. ನಾವು ಮೊಬೈಲಿನಲ್ಲಿ ಕ ಒತ್ತಿದರೆ ಹೋಗೋದು ಕ ಅಲ್ಲ, ಆ ನಂಬರ್. ಮೋರ್ಸ್ ಬಿಟ್ಟುಬಿಟ್ಟ ನಂಬರಿನ ಯೋಚನೆ ಹೀಗೆ ಬೇರೆ ರೂಪದಲ್ಲಿ ನಮ್ಮ ಕೈಯೊಳಗೇ ಇದೆ.

ಹಣಕ್ಕಾಗಿ ಪಟ್ಟ ಪಾಡು

1838ರಲ್ಲಿ ಮೋರ್ಸ್ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷರಾದ ವ್ಯಾನ್ ಬ್ಯೂರನ್ ಅವರ ಮುಂದೆಯೂ ಯಂತ್ರ ತೋರಿಸಿದರು. ಎಲ್ಲರೂ ಮೆಚ್ಚಿದರು, ಹಣ ಮಾತ್ರ ಯಾರೂ ಕೊಡಲಿಲ್ಲ. ಯೂರೋಪಿಗೆ ಹೋದರೂ ಉಪಯೋಗ ಆಗಲಿಲ್ಲ. 1842ರಲ್ಲಿ ನ್ಯೂಯಾರ್ಕ್ ಬಂದರಿನ ನೀರೊಳಗೆ ತಂತಿ ಹಾಕಿ ಜನರಿಗೆ ತೋರಿಸಲು ಹೊರಟರು. ಒಂದು ಹಡಗಿನವರು ಲಂಗರು ಎತ್ತುವಾಗ ತಂತಿ ಸಿಕ್ಕಿಕೊಂಡಿತು. ಅದೇನೆಂದು ತಿಳಿಯದೆ ನಾವಿಕರು ಕತ್ತರಿಸಿಬಿಟ್ಟರು. ನೋಡಲು ಬಂದ ಜನ ನಗುತ್ತಾ ಹೋದರು.

ಕೊನೆಗೆ 1843ರಲ್ಲಿ ಸಂಸತ್ತಿನಲ್ಲಿ 30,000 ಡಾಲರ್ ಕೊಡುವ ಮಸೂದೆ ಬಂತು. ಒಬ್ಬ ಸದಸ್ಯರು ಗೇಲಿ ಮಾಡಿ, ಇದರಲ್ಲಿ ಅರ್ಧ ಹಣವನ್ನು ವಶೀಕರಣ ವಿದ್ಯೆಗೂ ಕೊಡಿ ಅಂತ ತಿದ್ದುಪಡಿ ತಂದರು. ಕೆಳಮನೆಯಲ್ಲಿ ಪರವಾಗಿ 89, ವಿರುದ್ಧ 83 ಓಟು ಬಿದ್ದವು. ಬರೀ 6 ಓಟಿನಿಂದ ಗೆದ್ದರು! ಮೇಲ್ಮನೆಯಲ್ಲಿ ಮಾರ್ಚ್ 3ರ ರಾತ್ರಿ, ಅಧಿವೇಶನದ ಕಡೇ ದಿನ, ಅದು ಪಾಸಾಯಿತು. ಆಸೆ ಬಿಟ್ಟು ಹೋಗಿ ಮಲಗಿದ್ದ ಮೋರ್ಸ್‌ಗೆ ಮರುದಿನ ಬೆಳಿಗ್ಗೆ ಈ ಸುದ್ದಿ ತಂದವರು ಆನಿ ಎಲ್ಸ್‌ವರ್ತ್ ಎಂಬ ಹುಡುಗಿ, ಅವರ ಸ್ನೇಹಿತರ ಮಗಳು. ತಂತಿಯಲ್ಲಿ ಹೋಗುವ ಮೊದಲ ಸಂದೇಶವನ್ನು ನೀನೇ ಆರಿಸಬೇಕು ಅಂತ ಮೋರ್ಸ್ ಆ ಹುಡುಗಿಗೆ ಮಾತು ಕೊಟ್ಟರು.

ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ

ಈ ಎರಡು ಊರುಗಳ ನಡುವೆ ಸುಮಾರು 40 ಮೈಲಿ. ಮೊದಲು ಸೀಸದ ಕೊಳವೆಯೊಳಗೆ ತಂತಿ ಹಾಕಿ ನೆಲದಲ್ಲಿ ಹೂಳಿದರು. ತಂತಿಯ ಹೊದಿಕೆ ಸರಿಯಿಲ್ಲದೆ ಕರೆಂಟು ಸೋರಿಹೋಗುತ್ತಿತ್ತು. ಬಂದ ಹಣದಲ್ಲಿ ಬಹುಪಾಲು ಹೀಗೇ ಖರ್ಚಾಯಿತು. ಎಜ್ರಾ ಕಾರ್ನೆಲ್ ಎಂಬುವರ ಜೊತೆ ಸೇರಿ ರೈಲು ಹಳಿ ಪಕ್ಕ ಮರದ ಕಂಬ ನೆಟ್ಟು ತಂತಿ ಎಳೆದರು. ಕಂಬಕ್ಕೆ ಕರೆಂಟು ಇಳಿಯದಂತೆ ನಡುವೆ ಅವಾಹಕ ಇಟ್ಟರು. ನಮ್ಮೂರ ಕರೆಂಟು ಕಂಬದ ಮೇಲೆ ಬಿಳಿ ಪಿಂಗಾಣಿ ಇರುತ್ತಲ್ಲ, ಅದರ ಕೆಲಸವೂ ಇದೇ.

1844ರ ಮೇ 24ರಂದು ಮೋರ್ಸ್ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ, ಸುಪ್ರೀಂ ಕೋರ್ಟಿನ ಕೋಣೆಯಲ್ಲಿ ಕೂತು ಕೀಲಿ ಒತ್ತಿದರು. ಬಾಲ್ಟಿಮೋರ್‌ನಲ್ಲಿ ವೇಲ್ ಕಾಯುತ್ತಿದ್ದರು. ಕೊಟ್ಟ ಮಾತಿನಂತೆ ಆನಿ ಬೈಬಲ್ಲಿನ ಒಂದು ಸಾಲು ಆರಿಸಿಕೊಟ್ಟಿದ್ದರು. ಆ ಸಾಲು ಹೋಯಿತು, ವೇಲ್ ಅದನ್ನೇ ತಿರುಗಿ ಕಳಿಸಿದರು. ಹಾಗೆ ತಿರುಗಿ ಕಳಿಸಿದ್ದರಿಂದ ಸುದ್ದಿ ತಪ್ಪಿಲ್ಲದೆ ಮುಟ್ಟಿದೆ ಅಂತ ಗೊತ್ತಾಯಿತು. ಈಗಿನ ಕಂಪ್ಯೂಟರುಗಳೂ ಡೇಟಾ ಸಿಕ್ಕಿದ ಮೇಲೆ ಸಿಕ್ಕಿತು ಅಂತ ಉತ್ತರ ಕಳಿಸುತ್ತವೆ.

ಸ್ವಲ್ಪ ಕಾಲದಲ್ಲೇ ಆಪರೇಟರುಗಳು ಕಾಗದದ ಪಟ್ಟಿ ನೋಡೋದನ್ನೇ ಬಿಟ್ಟರು. ಯಂತ್ರದ ಕಟ ಕಟ ಶಬ್ದ ಕೇಳಿಯೇ ಸುದ್ದಿ ಬರೆದುಕೊಳ್ಳುತ್ತಿದ್ದರು. 1861ರಲ್ಲಿ ತಂತಿ ಅಮೇರಿಕಾದ ಈ ತುದಿಯಿಂದ ಆ ತುದಿ ಮುಟ್ಟಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಕೇಬಲ್ ಗಟ್ಟಿಯಾಗಿ ನಿಂತಿತು.

ಬೇರೆ ಬೇರೆ ದೇಶದವರು ಬೇರೆ ಬೇರೆ ಗುರುತು ಬಳಸುತ್ತಿದ್ದರು. ಗಡಿ ಬಂದಾಗ ಸುದ್ದಿ ನಿಲ್ಲುತ್ತಿತ್ತು. 1848ರಲ್ಲಿ ಜರ್ಮನಿಯ ಗೆರ್ಕೆ ಎಂಬುವರು ಮೋರ್ಸ್ ಕೋಡನ್ನು ತಿದ್ದಿ ಸುಲಭ ಮಾಡಿದ್ದರು. 1865ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶದವರು ಸಭೆ ಸೇರಿ, ಎಲ್ಲರೂ ಒಂದೇ ನಿಯಮ ಪಾಲಿಸೋಣ ಅಂತ ಒಪ್ಪಿದರು. ಇಬ್ಬರೂ ಮೊದಲೇ ಒಪ್ಪಿಕೊಂಡ ಇಂಥ ನಿಯಮಕ್ಕೇ ಪ್ರೋಟೋಕಾಲ್ ಅನ್ನೋದು. ಅದಿಲ್ಲದಿದ್ದರೆ ಎಷ್ಟು ಒಳ್ಳೇ ತಂತಿ ಇದ್ದರೂ ಮಾತು ಅರ್ಥ ಆಗೋಲ್ಲ.

ಒಳ್ಳೆಯದೂ ಕೆಟ್ಟದ್ದೂ

ಮೋರ್ಸ್‌ಗೆ ಕೀರ್ತಿ, ಹಣ ಎರಡೂ ಬಂದವು. ಕೋರ್ಟು ಕಚೇರಿ ಅಲೆದಾಟವೂ ಬಂತು. ಜಾಕ್ಸನ್ ಡಾಕ್ಟರು ಹಡಗಿನಲ್ಲಿ ತಾವೇ ಎಲ್ಲ ಹೇಳಿಕೊಟ್ಟದ್ದು ಅಂದರು. ಜೋಸೆಫ್ ಹೆನ್ರಿ ಜೊತೆ ಇದ್ದ ಸ್ನೇಹ ಕೆಟ್ಟಿತು. 1854ರಲ್ಲಿ ಅಮೇರಿಕಾದ ಸುಪ್ರೀಂ ಕೋರ್ಟ್ ಮೋರ್ಸ್ ಯಂತ್ರದ ಹಕ್ಕು ಅವರದೇ ಅಂತ ತೀರ್ಪು ಕೊಟ್ಟಿತು. ಆದರೆ ವಿದ್ಯುತ್ತಿನಿಂದ ದೂರಕ್ಕೆ ಅಕ್ಷರ ಕಳಿಸುವ ಎಲ್ಲಾ ವಿಧಾನಗಳೂ ತಮ್ಮವೇ ಅಂತ ಅವರು ಕೇಳಿದ್ದನ್ನು ಒಪ್ಪಲಿಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಮೇಷ್ಟ್ರು ನಿಜ ಇದ್ದರೆ ಬರಿ ಅಂದರು. ಆ ಕಾಲದ ಅಮೇರಿಕಾದಲ್ಲಿ ಕಪ್ಪು ಜನರನ್ನು ಗುಲಾಮರನ್ನಾಗಿ ಮಾರುತ್ತಿದ್ದರು. ಮೋರ್ಸ್ ಗುಲಾಮಗಿರಿಯನ್ನು ಸಮರ್ಥಿಸಿ ಬರೆದರು. ಕ್ಯಾಥೊಲಿಕ್ ಧರ್ಮದ ವಲಸಿಗರನ್ನೂ ವಿರೋಧಿಸಿದರು. ಎಲ್ಲಾ ಊರುಗಳನ್ನೂ ಒಂದೇ ತಂತಿಯಲ್ಲಿ ಕಟ್ಟಿದವರಿಗೆ ಎಲ್ಲಾ ಮನುಷ್ಯರೂ ಒಂದೇ ಅಂತ ಯಾಕೆ ಅನ್ನಿಸಲಿಲ್ಲವೋ ನನಗೆ ತಿಳಿಯದು. ದೊಡ್ಡವರ ಕೆಲಸ ಕಲಿಯೋಣ, ತಪ್ಪನ್ನು ಕಲಿಯೋದು ಬೇಡ.

1848ರಲ್ಲಿ ಅವರು ಸಾರಾ ಗ್ರಿಸ್‌ವೋಲ್ಡ್ ಎಂಬುವರನ್ನು ಎರಡನೇ ಮದುವೆ ಆಗಿದ್ದರು. ಮುಪ್ಪಿನಲ್ಲಿ ಕಾಲೇಜುಗಳಿಗೂ ಬಡ ಕಲಾವಿದರಿಗೂ ಹಣ ಕೊಟ್ಟರು. 1871ರ ಜೂನ್ 10ರಂದು ನ್ಯೂಯಾರ್ಕಿನ ಉದ್ಯಾನದಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಆ ರಾತ್ರಿ ದೊಡ್ಡ ಸಭೆಯಲ್ಲಿ ಅವರ ವಿದಾಯದ ಸಂದೇಶ ತಂತಿಯಲ್ಲಿ ಎಲ್ಲೆಡೆಗೂ ಹೋಯಿತು. ಕೊನೆಗೆ ಮುದುಕರಾದ ಮೋರ್ಸ್ ತಾವೇ ಕೀಲಿ ಹಿಡಿದು ತಮ್ಮ ಹೆಸರನ್ನು ಚುಕ್ಕಿ ಗೆರೆಯಲ್ಲಿ ಒತ್ತಿದರು. 1872ರ ಏಪ್ರಿಲ್ 2ರಂದು, 80ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು.

ನಮ್ಮ ದೇಶದಲ್ಲಿ ತಂತಿ

ನಮ್ಮ ದೇಶದಲ್ಲಿ ಓಶಾನೆಸ್ಸಿ ಎಂಬ ಬ್ರಿಟಿಷ್ ವೈದ್ಯರು ತಂತಿ ಕೆಲಸ ಶುರುಮಾಡಿದರು. ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಮೊದಲ ತಂತಿ ಬಂತು. 1850ರ ದಶಕದಲ್ಲೇ ಬೆಂಗಳೂರಿಗೂ ತಂತಿ ಮುಟ್ಟಿತು. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು.

ಇದನ್ನೆಲ್ಲ ಬರೆಯುವಾಗ ನಮ್ಮಜ್ಜಿಗೆ ತಂತಿ ಅಂದರೆ ಗೊತ್ತಾ ಅಂತ ಕೇಳಿದೆ. ಅಜ್ಜಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. ಆಗಿನ ಕಾಲದಲ್ಲಿ ತಂತಿ ಬಂತು ಅಂದ್ರೆ ಓದೋಕೆ ಮೊದಲೇ ಹೆಂಗಸರು ಅಳೋಕೆ ಶುರು ಮಾಡ್ತಿದ್ರಂತೆ. ಒಳ್ಳೇ ಸುದ್ದಿಗೆ ಕಾಗದ, ಸಾವಿನ ಸುದ್ದಿಗೆ ತಂತಿ. ಅಜ್ಜಿ ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಪೋಸ್ಟಾಫೀಸಿನವರು ಸೈಕಲ್ಲಿನಲ್ಲಿ ತಂತಿ ತಂದರಂತೆ. ಇಂಗ್ಲಿಷಿನಲ್ಲಿತ್ತು. ನಮ್ಮ ಇದೇ ಶಾಲೆಗೆ ಓಡಿಬಂದು ಆಗಿನ ಮೇಷ್ಟ್ರ ಹತ್ತಿರ ಓದಿಸಿದರಂತೆ. ತವರಿನಲ್ಲಿ ಅಜ್ಜಿಯ ಅಪ್ಪ ತೀರಿಕೊಂಡಿದ್ದರು. ಸಂಜೆ ಬಸ್ಸು ಹಿಡಿದು, ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಹೋದರಂತೆ. ಅಜ್ಜಿಗೋಸ್ಕರ ಕಾಯ್ತಾ ಇದ್ರಂತೆ, ಮಣ್ಣು ಮಾಡಿರಲಿಲ್ಲ. ಅಪ್ಪನ ಮುಖ ನೋಡೋಕೆ ಸಿಕ್ತು ಅಂತ ಹೇಳಿ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಗ ನಾನು ಅಜ್ಜಿಗೆ ಮೋರ್ಸ್ ಅವರ ಕತೆ ಹೇಳಿದೆ. ಹೆಂಡತಿ ಮುಖ ನೋಡೋಕೆ ಅವರಿಗೆ ಸಿಗಲಿಲ್ಲ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಸಿಗದಿದ್ದನ್ನು ಪುಣ್ಯಾತ್ಮ ನಮಗೆ ಸಿಗೋ ಹಾಗೆ ಮಾಡಿದ ಅಂದರು. ಮೊರ ಎತ್ತಿಕೊಂಡು ಮತ್ತೆ ಕೇರೋಕೆ ಶುರು ಮಾಡಿದರು.

ಡೇಟಾ ಕಮ್ಯುನಿಕೇಶನ್ ಅಂದರೆ ನನಗೆ ಆಗ ಅರ್ಥ ಆಯ್ತು. ಅದು ಬರೀ ವೈರು, ಬಾಕ್ಸು ಅಲ್ಲ. ದೂರದಲ್ಲಿರೋರಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟೋದು.

ನೆನಪಿಡಬೇಕಾದ ಪದಗಳು (ಪರೀಕ್ಷೆಗೂ ಉಪಯೋಗ)

1. ಡೇಟಾ: ಕಳಿಸಬೇಕಾದ ವಿಷಯ.
2. ಕೋಡ್: ವಿಷಯವನ್ನು ಚುಕ್ಕಿ ಗೆರೆ ಅಥವಾ 0, 1 ಮಾಡುವ ಗುರುತು.
3. ಸಿಗ್ನಲ್: ತಂತಿಯಲ್ಲಿ ಓಡುವ ಕರೆಂಟಿನ ಏರಿಳಿತ. ಗಾಜಿನ ಎಳೆಯಲ್ಲಾದರೆ ಬೆಳಕಿನದು.
4. ಹಾರ್ಡ್‌ವೇರ್: ಕೀಲಿ, ತಂತಿ, ಬ್ಯಾಟರಿ, ಕಾಂತ. ಕೈಗೆ ಸಿಗುವಂಥವು.
5. ರಿಪೀಟರ್: ಸೊರಗಿದ ಸಿಗ್ನಲ್‌ಗೆ ಹೊಸ ಶಕ್ತಿ ಕೊಟ್ಟು ಮುಂದೆ ಕಳಿಸುವುದು.
6. ಪ್ರೋಟೋಕಾಲ್: ಕಳಿಸುವವರೂ ಪಡೆಯುವವರೂ ಒಪ್ಪಿಕೊಂಡ ನಿಯಮ.
7. ವೇಗ: ಒಳ್ಳೆಯ ತಂತಿ ಆಪರೇಟರ್ ನಿಮಿಷಕ್ಕೆ 20ರಿಂದ 30 ಪದ ಕಳಿಸುತ್ತಿದ್ದರು. ಈಗ ಸೆಕೆಂಡಿಗೆ ಎಷ್ಟು ಬಿಟ್ ಅಂತ ಅಳೆಯುತ್ತಾರೆ. ಒಂದು ಮೆಗಾಬಿಟ್ ಅಂದರೆ 10 ಲಕ್ಷ ಬಿಟ್.

ನಿಮಗೆ ಗೊತ್ತೇ?

ಇ-ಮೇಲ್ ವಿಳಾಸದ ನಡುವೆ ಸುತ್ತು ಹಾಕಿದ ಎ ಅಕ್ಷರದ ಹಾಗೆ ಒಂದು ಗುರುತು ಇರುತ್ತಲ್ಲ, ಅದಕ್ಕೂ ಮೋರ್ಸ್ ಕೋಡ್‌ನಲ್ಲಿ ಜಾಗ ಇದೆ. 2004ರಲ್ಲಿ ಸೇರಿಸಿದರು. ಚುಕ್ಕಿ, ಗೆರೆ, ಗೆರೆ, ಚುಕ್ಕಿ, ಗೆರೆ, ಚುಕ್ಕಿ. ಮೋರ್ಸ್ ತೀರಿಕೊಂಡು 132 ವರ್ಷ ಆದಮೇಲೂ ಅವರ ಕೋಡ್ ಬೆಳೆಯಿತು!

ಹಾಗೇ ಅಪಾಯದಲ್ಲಿರುವ ಹಡಗಿನವರು ಕಳಿಸುತ್ತಿದ್ದ ಗುರುತು: ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಬೆಂಚಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ. ಆದರೆ ಪಾಠ ನಡೆಯುವಾಗ ಬೇಡ, ಬೈಸಿಕೊಳ್ಳುವಿರಿ.

ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ